ಮೇಷ್ಟ್ರ ಕಾರಿನ ಸೈಲೆನ್ಸರ್

ಜನವರಿ 4, ಮಂಗಳವಾರ

ಈ ದಿನಚರಿಯ ಕರ್ತೃ ಇಂದು ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಡ್ರೈವಿಂಗ್ ಲೈಸೆನ್ಸಿನ ಪರೀಕ್ಷೆಯಲ್ಲಿ ಎರಡನೆಯ ಬಾರಿಗೆ ನಪಾಸಾದನೆಂದು ತಿಳಿಸಲು ವಿಷಾದಿಸುತ್ತೇನೆ. ರಿವರ್ಸ್ ತೆಗೆದುಕೊಳ್ಳುವಾಗ, ನೆಟ್ಟಿದ್ದ ಕಂಬಗಳಲ್ಲಿ ಮೂರು ಬಿದ್ದವು. ನಾಲ್ಕನೆಯದು ಇನ್ಸ್‌ಪೆಕ್ಟರರ ಕಾಲಿಗೆ ಒರಗಿ ನಿಂತಿತು. ಅಗಲಿದ ಕಂಬಗಳ ಆತ್ಮಕ್ಕೆ ಶಾಂತಿ ಸಿಗಲಿ.

ಕರ್ತೃವಿನ ವಯಸ್ಸು ಇಪ್ಪತ್ತೊಂದು. ಹುದ್ದೆ: ಸೋದರಮಾವನ ಗ್ಯಾರೇಜಿನ ತಾತ್ಕಾಲಿಕ ಸರ್ವಾಧಿಕಾರಿ. ಮಾವ ಗೇರ್‌ಬಾಕ್ಸ್ ಎತ್ತಲು ಹೋಗಿ ಸೊಂಟ ಹಿಡಿದುಕೊಂಡು, ಗ್ಯಾರೇಜಿನ ಹಿಂದಿನ ಕೋಣೆಯಲ್ಲಿ ಹಲಗೆಯ ಮೇಲೆ ಅಂಗಾತ ಮಲಗಿ ಮೂರು ವಾರವಾಯಿತು. ಇನ್ನೊಂದು ತಿಂಗಳು ಏಳುವ ಹಾಗಿಲ್ಲ. ಅವರ ಕಣ್ಣಿಗೆ ಕಾಣುವುದು ತಾರಸಿ ಮಾತ್ರ. ಆದರೆ ಅವರ ಕಿವಿ ಇಡೀ ಗ್ಯಾರೇಜಿನ ತುಂಬ ಹರಡಿಕೊಂಡಿದೆ. ನಾನಿಲ್ಲಿ ಸ್ಪ್ಯಾನರ್ ಕೈಗೆತ್ತಿಕೊಂಡರೆ ಅಲ್ಲಿಂದಲೇ, "ಹದಿಮೂರರದ್ದು ಹಾಕಬೇಡ್ವೋ, ಬೋಲ್ಟ್ ತಲೆ ಸವೆಯುತ್ತೆ" ಎಂದು ಕೂಗುತ್ತಾರೆ. ಹೀಗಾಗಿ ನಾನು ಕಾರಿನ ಕರುಳನ್ನು ಬಗೆಯಬಲ್ಲೆ, ಹೃದಯವನ್ನು ಕಿತ್ತು ಮತ್ತೆ ಕೂರಿಸಬಲ್ಲೆ. ರಿಪೇರಿಯಾದ ಕಾರನ್ನು ಗೇಟಿನಾಚೆ ಹತ್ತು ಮಾರು ಓಡಿಸಿ ನೋಡುವ ಅಧಿಕಾರ ಮಾತ್ರ ನನಗಿಲ್ಲ.

ಈ ದುರಂತಕ್ಕೆ ಹೊಣೆ ಯಾರು? ತನಿಖಾ ಆಯೋಗವೊಂದು (ಸದಸ್ಯರು: ನಾನೊಬ್ಬನೇ) ಮೂರು ಲೋಟ ಟೀ ಕುಡಿದು, ಡ್ರೈವಿಂಗ್ ಸ್ಕೂಲಿನ ಮೇಷ್ಟ್ರೇ ಹೊಣೆ ಎಂದು ಒಮ್ಮತದಿಂದ ತೀರ್ಮಾನಿಸಿದೆ. ಎರಡು ತಿಂಗಳಿಂದ ಅವರ ಪಕ್ಕ ಕೂತು ಕಲಿಯುತ್ತಿದ್ದೇನೆ. "ಮೇಷ್ಟ್ರೇ, ಸ್ಟೀರಿಂಗ್ ಯಾವ ಕಡೆ ತಿರುಗಿಸ್ಲಿ?" ಎಂದರೆ ಉತ್ತರವಿಲ್ಲ. ಮೂರು ಸಲ ಕೇಳಿದರೂ ಮುಂದಿನ ರಸ್ತೆಯನ್ನೇ ನೋಡುತ್ತ, ಸಿಂಹಾಸನದಲ್ಲಿ ಕೂತವರ ಹಾಗೆ ಕೂತಿರುತ್ತಾರೆ. ತಪ್ಪಾದ ಮೇಲೆ ಮಾತ್ರ, "ಗೊತ್ತಾಗದಿದ್ರೆ ಕೇಳೋಕೆ ಬಾಯಿಲ್ವೇನೋ?" ಎಂದು ಬೀದಿಗೆಲ್ಲ ಕೇಳುವಂತೆ ಗದರುತ್ತಾರೆ.

ಈ ಮನುಷ್ಯನಿಗೆ ಪಾಠ ಕಲಿಸದಿದ್ದರೆ ನಾನು ಮೀಸೆ ಬೋಳಿಸುತ್ತೇನೆ. (ಮೀಸೆ ಇನ್ನೂ ಸರಿಯಾಗಿ ಬಂದಿಲ್ಲ. ಬಂದ ಮೇಲೆ.)

ಜನವರಿ 6, ಗುರುವಾರ

ಸ್ಕೂಲಿನ ದೂರು ಪೆಟ್ಟಿಗೆಗೆ ಇಂದು ಒಂದು ಪತ್ರ ಸಂದಾಯವಾಯಿತು. ಸಹಿ ಇಲ್ಲ. ಮುಂದಿನ ಪೀಳಿಗೆಗಾಗಿ ಅದರ ಸಾರ:

"ಸದರಿ ಮೇಷ್ಟ್ರು ಕಲಿಯುವವರ ಪ್ರಶ್ನೆಗೆ ಉತ್ತರ ಕೊಡುವುದು ತಮ್ಮ ಘನತೆಗೆ ಕುಂದು ಎಂದು ಭಾವಿಸಿರುವರು. ಸದರಿಯವರ ಬಾಯಿಂದ ಒಂದು ಉತ್ತರ ಹೊರಡಿಸುವುದಕ್ಕಿಂತ ಗೋಡೆಗೆ ಗೇರು ಹಾಕಿ ಓಡಿಸುವುದು ಸುಲಭ. ಆದಕಾರಣ ಯಜಮಾನಿಯವರು ಒಮ್ಮೆ ಖುದ್ದಾಗಿ ಹಿಂದಿನ ಸೀಟಿನಲ್ಲಿ ಆಸೀನರಾಗಿ ಪರಾಂಬರಿಸಬೇಕಾಗಿ ಪ್ರಾರ್ಥನೆ."

'ಪರಾಂಬರಿಸು' ಎಂಬ ಮಾತು ಎಲ್ಲಿಂದ ಬಂತೋ ನನಗೇ ತಿಳಿಯದು. ಬರೆದು ನಾನೇ ಹತ್ತು ನಿಮಿಷ ನಕ್ಕೆ.

ಜನವರಿ 11, ಮಂಗಳವಾರ

ಶತ್ರು ತಾನಾಗಿಯೇ ಕೋಟೆಯೊಳಕ್ಕೆ ಬಂದ. ಮೇಷ್ಟ್ರು ಬೆಳಿಗ್ಗೆ ತಮ್ಮ ಕಾರನ್ನು ಗ್ಯಾರೇಜಿಗೆ ತಂದರು. ಪಕ್ಕದ ಸೀಟಿಗೂ ಒಂದು ಬ್ರೇಕು ಜೋಡಿಸಿರುವ ಆ ಹಳೆಯ ಬಿಳಿ ಕಾರು ಅವರದೇ. ಅದರಲ್ಲೇ ಸ್ಕೂಲಿನ ಪಾಠ.

"ಸೈಲೆನ್ಸರಿಂದ ನೀರು ತೊಟ್ಟಿಕ್ಕುತ್ತಿದೆ ಕಣೋ. ಬೆಳಿಗ್ಗೆ ಬೆಳಿಗ್ಗೆ ಒಂದು ಲೋಟದಷ್ಟು."

ಚಳಿಯಲ್ಲಿ ಯಾವ ಕಾರಾದರೂ ತೊಟ್ಟಿಕ್ಕುತ್ತದೆ. ಇಂಜಿನ್ನಿನಿಂದ ಬರುವ ಆವಿ ತಣ್ಣನೆಯ ಕೊಳವೆಯಲ್ಲಿ ನೀರಾಗಿ ಹೊರಗೆ ಬೀಳುತ್ತದೆ, ಅಷ್ಟೇ. ಬಾನೆಟ್ಟಿನೊಳಗೆ ತಲೆ ತೂರಿಸಿಕೊಂಡೇ ನಾನದನ್ನು ವಿವರಿಸಿದೆ. ಜವಾಬಿಲ್ಲ. ತಲೆ ಹೊರಗೆ ತೆಗೆದು ಅವರ ಮುಖ ನೋಡಿ ಮತ್ತೆ ಹೇಳಿದೆ. "ಹಾಗಾ, ಸರಿ ಬಿಡು" ಎಂದರು. ನೋಡಿದಿರಾ, ಒಂದೇ ಮಾತನ್ನು ಎರಡು ಸಲ ಅರ್ಪಿಸಿದರೆ ಮಾತ್ರ ಸ್ವೀಕರಿಸುವ ಪ್ರಭುಗಳು!

ಆಮೇಲೆ ಸ್ಟೂಲಿನ ಮೇಲೆ ಕೂತು ತಾವಾಗಿ ಬಾಯಿಬಿಟ್ಟರು. "ಯಾರೋ ಪುಣ್ಯಾತ್ಮ ನನ್ನ ಮೇಲೆ ದೂರು ಬರೆದಿದ್ದಾನೆ. ಸೋಮವಾರ ಸ್ಕೂಲಿನ ಮೇಡಂ ಹಿಂದಿನ ಸೀಟಲ್ಲಿ ಕೂತು ಪಾಠ ನೋಡ್ತಾರಂತೆ. ಸರಿ ಇಲ್ಲದಿದ್ರೆ ಮನೆಗೆ ಕಳಿಸ್ತಾರೆ. ಇನ್ನೆರಡು ವರ್ಷ ನನಗೆ ಆ ಸೀಟು ಬೇಕು ಕಣೋ. ಮಗಳ ಓದು ಅಲ್ಲಿಗೆ ಮುಗಿಯುತ್ತೆ."

ಮಗಳು ದೂರದ ಊರಿನ ಹಾಸ್ಟೆಲಿನಲ್ಲಿದ್ದಾಳೆ. ಮನೆಯಲ್ಲಿ ಇವರೊಬ್ಬರೇ.

"ಯಾರು ಮೇಷ್ಟ್ರೇ ಅಂಥ ಕೆಲಸ ಮಾಡಿದ್ದು, ಛೆ ಛೆ!" ಎಂದೆ, ಮುಖವನ್ನು ಶವಯಾತ್ರೆಗೆ ಹೊರಟವರ ಹಾಗೆ ಮಾಡಿಕೊಂಡು.

"ಯಾರಾದ್ರೇನು. ಸೋಮವಾರದ ಮೊದಲನೇ ಪಾಠ ನಿಂದೇ ಇರಲಿ. ನೀನಾದ್ರೆ ಗಾಡಿ ಗೊತ್ತಿರೋನು, ಜಾಸ್ತಿ ಪ್ರಶ್ನೆ ಕೇಳಲ್ಲ."

ಕುರಿಯೇ ಬಂದು ಕತ್ತಿಯ ಹಿಡಿ ಕೈಗಿತ್ತ ಹಾಗಾಯಿತು. ಗುರುವಾರ ಆಯಿಲ್ ಬದಲಿಸಲು ಕಾರು ಬಿಟ್ಟು ಹೋಗಿ ಎಂದು ಹೇಳಿ ಕಳಿಸಿದ್ದೇನೆ.

ಜನವರಿ 13, ಗುರುವಾರ

ಶಸ್ತ್ರಚಿಕಿತ್ಸೆ ಯಶಸ್ವಿ.

ಮಧ್ಯಾಹ್ನ ಕಾರನ್ನು ಜಾಕಿಯ ಮೇಲೆ ನಿಲ್ಲಿಸಿ, ಅಡಿಗೆ ಜಾರಿ, ಸೈಲೆನ್ಸರಿನ ಡಬ್ಬಿಯನ್ನು ಬಿಚ್ಚಿದೆ. ಬೋಲ್ಟುಗಳು ತುಕ್ಕು ಹಿಡಿದು ಹಟ ಮಾಡಿದವು. ಕೊನೆಯದು ಬಿಟ್ಟದ್ದೇ ತಡ, ಡಬ್ಬಿ ಓರೆಯಾಗಿ ಅದರೊಳಗೆ ನಿಂತಿದ್ದ ಕೆಂಪು ನೀರೆಲ್ಲ ನನ್ನ ಮುಖಕ್ಕೇ ಅಭಿಷೇಕವಾಯಿತು. ಬಾಯಿಗೂ ಹೋಯಿತು. ತುಕ್ಕಿನ ರುಚಿ ಇನ್ನೂ ಇದೆ.

ಇದರಲ್ಲಿ ಒಂದು ಸೂಕ್ಷ್ಮವಿದೆ. ಸೈಲೆನ್ಸರ್ ಹೋದರೆ ಹಿಂದೆ ಕಾಣುವ ಬಾಲದ ಕೊಳವೆಯೂ ಹೋಗುತ್ತದೆ, ನೋಡಿದವರಿಗೆ ತಿಳಿಯುತ್ತದೆ. ಆದ್ದರಿಂದ ಬಾಲವನ್ನಷ್ಟೇ ಗರಗಸದಿಂದ ಕೊಯ್ದು, ಬಂಪರಿನ ಒಳಬದಿಗೆ ತಂತಿಯಿಂದ ಕಟ್ಟಿದೆ. ಹೊರಗಿನಿಂದ ನೋಡಿದರೆ ಎಲ್ಲ ಯಥಾಪ್ರಕಾರ. ಡಬ್ಬಿಯನ್ನು ಆಯಿಲ್ ಡ್ರಮ್ಮಿನ ಹಿಂದೆ ಇಟ್ಟಿದ್ದೇನೆ.

ಇಂಜಿನ್ ಶುರು ಮಾಡಿದಾಗ ಗ್ಯಾರೇಜಿನ ತಗಡಿನ ಮಾಡು ಗಡಗಡ ನಡುಗಿತು. ಹಿಂದಿನ ಕೋಣೆಯಿಂದ ಮಾವ:

"ಸೈಲೆನ್ಸರ್ ಬಿಚ್ಚಿದೀಯೇನೋ?"

"ತೂತು ಬಿದ್ದಿದೆ ಮಾವ, ವೆಲ್ಡಿಂಗಿಗೆ ಕಳಿಸಬೇಕು. ಮೇಷ್ಟ್ರಿಗೆ ಗಾಡಿ ದಿನಾ ಬೇಕಂತೆ, ಹಾಗೇ ಓಡಿಸ್ಕೋತಾರೆ."

"ಹೊಗೆ ಒಳಗೆ ಬರುತ್ತೆ, ಕಿಟಕಿ ತೆಗೆದಿಟ್ಕೊಳ್ಳಿ ಅಂತ ಹೇಳು."

ಸಂಜೆ ಮೇಷ್ಟ್ರು ಬಂದರು. ನಾನು ಕಂಬದ ಮರೆಯಲ್ಲಿ ನಿಂತು ಉಸಿರು ಬಿಗಿಹಿಡಿದೆ. ಅವರು ಬೆಚ್ಚಿಬೀಳಬೇಕು, ಕೆಳಗೆ ಹಾರಬೇಕು, ಅಮ್ಮಾ ಎನ್ನಬೇಕು. ಅವರು ಕೀಲಿ ತಿರುಗಿಸಿದರು. ಕಾರು ಗಂಟಲು ಹರಿಯುವಂತೆ ಅರಚಿತು. ಎದುರು ಅಂಗಡಿಯ ದರ್ಜಿ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಬೀದಿಗೆ ಓಡಿಬಂದ. ಮೇಷ್ಟ್ರು ಕನ್ನಡಿ ಸರಿಮಾಡಿಕೊಂಡರು. ದರ್ಜಿಗೆ ಕೈ ಬೀಸಿದರು. ನಿಧಾನವಾಗಿ ಗೇಟು ದಾಟಿ ಹೋದರು.

ಒಂದು ಕೂದಲೂ ಅಲುಗಲಿಲ್ಲ! ಯಾರು ಮಾಡಿದ್ದೆಂದು ಅವರಿಗೆ ಗೊತ್ತಾಗಿದೆ, ಗೊತ್ತಾಗಿಯೂ ಗೊತ್ತಿಲ್ಲದ ಹಾಗೆ ಆಡುತ್ತಿದ್ದಾರೆ. ನನ್ನ ಆಟಕ್ಕೆ ತಕ್ಕ ಎದುರಾಳಿ ಕೊನೆಗೂ ಸಿಕ್ಕಿದ. ಟೋಪಿ ಇದ್ದಿದ್ದರೆ ತೆಗೆಯುತ್ತಿದ್ದೆ.

ಜನವರಿ 14, ಶುಕ್ರವಾರ

ಎದುರಾಳಿಯ ಪ್ರತಿದಾಳಿ. ಎಂಟು ಗಂಟೆಗೆ, ಮೂರು ಬೀದಿಗಳಾಚೆಯಿಂದಲೇ ಆಗಮನದ ಘೋಷಣೆ ಮಾಡಿಕೊಂಡು ಕಾರು ಬಂತು. ಮೇಷ್ಟ್ರು ಇಳಿದು, ಬಹಳ ಚಿಂತೆಯ ಮುಖದಲ್ಲಿ ಹೇಳಿದ್ದು ಇಷ್ಟು:

"ನೀರು ಜಾಗ ತಪ್ಪಿ ಬೀಳ್ತಿದೆ ಕಣೋ."

"ಏನು?"

"ನೀರು. ಇಷ್ಟು ವರ್ಷ ಹಿಂದಿನ ಬಂಪರ್ ಕೆಳಗೆ ಬೀಳ್ತಿತ್ತು. ನಮ್ಮನೆ ಮುಂದಿನ ಚಪ್ಪಡಿ ಮೇಲೆ ಅಲ್ಲೇ ಒಂದು ಕಲೆಯಾಗಿದೆ. ಇವತ್ತು ನೋಡಿದ್ರೆ ನಡುಮಧ್ಯ, ಸೀಟಿನ ಕೆಳಗೆ ಒದ್ದೆ. ಒಳಗೆಲ್ಲೋ ಒಡೆದಿದೆಯಾ ನೋಡು."

ಇಡೀ ಬೀದಿ ಕಿವಿ ಮುಚ್ಚಿಕೊಂಡಿದೆ, ಈ ಮಹಾನುಭಾವರು ಎರಡು ತೊಟ್ಟು ನೀರಿನ ಬಗ್ಗೆ ಮಾತಾಡುತ್ತಿದ್ದಾರೆ! ಎಂಥ ನಟನೆ! ನಾನೂ ಬಿಡಲಿಲ್ಲ. ಬಗ್ಗಿ ನೋಡಿ, ವೈದ್ಯರ ಹಾಗೆ ತಲೆಯಾಡಿಸಿ, "ಏನೂ ಇಲ್ಲ ಮೇಷ್ಟ್ರೇ. ಗಾಡಿ ಮಲಗೋ ಮಗ್ಗುಲು ಬದಲಿಸಿದೆ" ಎಂದೆ. ಅವರು ನನ್ನ ಬಾಯಿಯನ್ನೇ ನೋಡಿ, ಮೆಲ್ಲಗೆ ನಕ್ಕರು.

"ಸ್ವಲ್ಪ ನಡುಗುತ್ತೆ ಕೂಡ," ಎಂದು ಡ್ಯಾಶ್‌ಬೋರ್ಡಿನ ಮೇಲೆ ಅಂಗೈ ಇಟ್ಟು ತೋರಿಸಿದರು. "ಆದ್ರೆ ನೀನು ಕೈ ಹಾಕಿದ ಮೇಲೆ ಒಂದು ಒಳ್ಳೇದಾಗಿದೆ. ನಮ್ಮ ಬೀದಿಯವರು ಇಷ್ಟು ವರ್ಷ ನನ್ನ ಮುಖ ಎತ್ತಿ ನೋಡಿದವರಲ್ಲ. ಇವತ್ತು ನಾನು ಹೊರಟಾಗ ಒಬ್ಬೊಬ್ಬರೇ ಬಾಗಿಲಿಗೆ ಬಂದು ಕೈ ಎತ್ತಿದರು. ನಾನೂ ಎತ್ತಿದೆ."

ಬೀದಿಯವರು ಎತ್ತಿದ್ದು ಮುಷ್ಟಿಯನ್ನು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಈ ವರ್ಷದ ಅತ್ಯುತ್ತಮ ನಟ ಪ್ರಶಸ್ತಿ ಮೇಷ್ಟ್ರಿಗೆ.

ಜನವರಿ 15, ಶನಿವಾರ

ನನ್ನ ತಂಗಿ ಪುಟ್ಟಿಯೂ ಅವರ ಬಳಿಯೇ ಡ್ರೈವಿಂಗ್ ಕಲಿಯುತ್ತಿದ್ದಾಳೆ. ಇಂದು ಪಾಠದಿಂದ ಬಂದವಳೇ ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದಳು.

"ಅಣ್ಣಾ, ಮೇಷ್ಟ್ರಿಗೆ ಕಿವಿ ಕೇಳ್ಸಲ್ಲ."

"ಯಾರು ಹೇಳಿದ್ದು?"

"ಯಾರು ಹೇಳ್ಬೇಕು? ಕಾರು ಹಾಗೆ ಕಿರುಚ್ತಿದೆ, ಅವರು 'ಈ ಗಾಡಿ ಹೂವಿನ ಹಾಗಿದೆ, ಮೆತ್ತಗೆ ಓಡಿಸು' ಅಂತಾರೆ. ನಾನು 'ಸರ್, ಸರ್' ಅಂತ ಬಡ್ಕೊಂಡೆ. ಹಿಂದಿನಿಂದ ಲಾರಿ ಹಾರ್ನ್ ಹೊಡೀತು, ತಿರುಗಿ ನೋಡ್ಲಿಲ್ಲ. ಕನ್ನಡಿಯಲ್ಲಿ ಕಂಡ ಮೇಲೆ ಪಕ್ಕಕ್ಕೆ ತಗೋ ಅಂದ್ರು. ಪಾಪ ಕಣೋ."

"ನಾಟಕ."

"ಅಣ್ಣಾ, ನೀನೇನಾದ್ರೂ ಮಾಡಿದೀಯಾ ಆ ಕಾರಿಗೆ?"

"ನಾನಾ? ನಾನು ಆಯಿಲ್ ಹಾಕಿದೆ."

ಅವಳು ನನ್ನನ್ನು ಬಹಳ ಹೊತ್ತು ನೋಡಿದಳು. ಹೆಣ್ಣುಮಕ್ಕಳಿಗೆ ಹಾಸ್ಯಪ್ರಜ್ಞೆ ಕಡಿಮೆ ಎಂದು ಈ ಮೂಲಕ ದಾಖಲಿಸುತ್ತೇನೆ.

ಒಂದು ವೇಳೆ ಅವಳು ಹೇಳಿದ್ದು ನಿಜವೇ ಆಗಿದ್ದರೆ? ಆಗಿದ್ದರೆ ಸೋಮವಾರದೊಳಗೆ ಡಬ್ಬಿಯನ್ನು ಮತ್ತೆ ಕೂರಿಸಬೇಕಾಗುತ್ತದೆ. ಅರ್ಧ ಗಂಟೆಯ ಕೆಲಸ. ನಾಳೆ ಭಾನುವಾರ, ಗ್ಯಾರೇಜಿಗೆ ರಜೆ. ಮೇಡಂ ಮುಖ ಹೇಗಾಗುತ್ತದೋ ನೋಡಬೇಕು ಎಂಬ ಆಸೆ ನನಗೆ ಎಷ್ಟಿದೆಯೆಂದರೆ, ಈಗಲೇ ನಗು ಬರುತ್ತಿದೆ. ಕೂರಿಸುವುದಿಲ್ಲ.

ಜನವರಿ 17, ಸೋಮವಾರ

ನಡೆದದ್ದನ್ನು ನಡೆದಂತೆ ಬರೆಯುತ್ತೇನೆ.

ಏಳು ಗಂಟೆ. ಸ್ಕೂಲಿನ ಮುಂದೆ ಕಾರು. ಮೇಷ್ಟ್ರು ಇಸ್ತ್ರಿಯ ಗೆರೆ ಮುರಿಯದ ಅಂಗಿ ತೊಟ್ಟು, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡಿದ್ದರು. ಸೀಟುಗಳನ್ನು ಒರೆಸಿದ್ದರು. ನನ್ನ ಕಿವಿಯ ಬಳಿ ಬಾಗಿ, ಗುಟ್ಟು ಹೇಳುತ್ತಿದ್ದೇನೆ ಅಂದುಕೊಂಡು, ಅಂಗಳದ ಆಚೆಯವರಿಗೂ ಕೇಳುವಂತೆ ಹೇಳಿದರು: "ನನ್ನ ಮರ್ಯಾದೆ ನಿನ್ನ ಕೈಲಿದೆ ಕಣೋ." ಮೇಡಂ ಹಿಂದಿನ ಬಾಗಿಲು ತೆರೆಯುತ್ತಿದ್ದವರು ತಲೆ ಎತ್ತಿ ನೋಡಿದರು.

ನಾನು ಕೀಲಿ ತಿರುಗಿಸಿದೆ.

"ಅಯ್ಯೋ! ಏನ್ರೀ ಇದು ಸದ್ದು?" ಮೇಡಂ ಕಿವಿಗೆ ಕೈ ಒತ್ತಿಕೊಂಡರು.

"ಮೊದಲನೇ ಗೇರು," ಎಂದರು ಮೇಷ್ಟ್ರು. "ಕ್ಲಚ್ ನಿಧಾನಕ್ಕೆ ಬಿಡು."

"ಮೇಷ್ಟ್ರೇ! ಗಾಡಿಗೆ ಏನಾಗಿದೆ?"

"ಕನ್ನಡಿ ನೋಡು. ಹಿಂದೆ ಯಾರಿದ್ದಾರೆ ಅಂತ ಮೊದಲು ನೋಡಬೇಕು, ಎಷ್ಟು ಸಲ ಹೇಳಿದೀನಿ."

ಕನ್ನಡಿ ನೋಡಿದೆ. ಮೇಡಂ ಕೋಪ ಮಾಡಿಕೊಳ್ಳುತ್ತಾರೆಂದು ನಾನು ಅಂದುಕೊಂಡಿದ್ದೆ. ಅವರು ಕಿವಿಯಿಂದ ಕೈ ತೆಗೆದು, ಮುಂದಕ್ಕೆ ಬಾಗಿ, ಮೇಷ್ಟ್ರ ಕುತ್ತಿಗೆಯ ಹಿಂಭಾಗವನ್ನೇ ದಿಟ್ಟಿಸುತ್ತಿದ್ದರು. ಕಳೆದುಹೋದ ವಸ್ತು ಸಿಕ್ಕಿದಾಗ ನೋಡುತ್ತಾರಲ್ಲ, ಹಾಗೆ. ಇಡೀ ರಸ್ತೆ ನಮ್ಮತ್ತ ತಿರುಗಿತ್ತು. ಮೇಷ್ಟ್ರು ಒಬ್ಬಿಬ್ಬರಿಗೆ ಕೈ ಎತ್ತಿದರು.

ಅಡ್ಡರಸ್ತೆಯಲ್ಲಿ ನನ್ನ ಕಾಲು ತಪ್ಪಿ ಇಂಜಿನ್ ಆಫ್ ಆಯಿತು. ಒಮ್ಮೆಲೇ ನಿಶ್ಶಬ್ದ. ಆಗ ಮೇಡಂ, ಟೀ ಬೇಕಾ ಎಂದು ಕೇಳುವಷ್ಟು ಸಾಧಾರಣ ದನಿಯಲ್ಲಿ ಹೇಳಿದರು:

"ಮೇಷ್ಟ್ರೇ, ಅಲ್ಲಾಡಬೇಡಿ. ನಿಮ್ಮ ಕಾಲರ್ ಮೇಲೆ ಚೇಳಿದೆ."

ನಾನು ಕಾಲರಿನತ್ತ ನೋಡಿದೆ. ಬಿಳಿ ಬಟ್ಟೆ, ಬೇರೇನೂ ಇಲ್ಲ. ನನಗೆ ನಗು ತಡೆಯಲಾಗಲಿಲ್ಲ, ಗಟ್ಟಿಯಾಗಿ ನಕ್ಕುಬಿಟ್ಟೆ. ಮೇಷ್ಟ್ರು ನಾನು ನಗುವುದನ್ನು ಕಂಡರು. ಏನೋ ತಮಾಷೆ ನಡೆದಿದೆ, ತಾನು ಹಿಂದೆ ಬೀಳಬಾರದು ಎಂಬಂತೆ ಅವರೂ ನಕ್ಕರು. ನನ್ನ ಮುಖ, ಹಿಂದಿರುಗಿ ಮೇಡಂ ಮುಖ, ಎರಡನ್ನೂ ನೋಡಿ ನೋಡಿ ನಕ್ಕರು. ಮೇಡಂ ನಗುತ್ತಿರಲಿಲ್ಲ.

"ಕೆಂಪು ದೀಪ ಬಂತು ನೋಡು," ಎಂದು ಡ್ಯಾಶ್‌ಬೋರ್ಡ್ ತೋರಿಸಿದರು ನನಗೆ. "ಆಫ್ ಆದ್ರೆ ನಾಚ್ಕೋಬೇಡ, ಎಲ್ರಿಗೂ ಆಗುತ್ತೆ. ಮತ್ತೆ ಸ್ಟಾರ್ಟ್ ಮಾಡು."

ಕುತ್ತಿಗೆ ಅಲ್ಲಾಡಿಸಿಕೊಂಡೇ ಹೇಳಿದರು.

ಮೇಡಂ ಚೀಲದಿಂದ ಹಾಜರಿ ಕಾರ್ಡೊಂದನ್ನು ತೆಗೆದು, ಹಿಂಬದಿಗೆ ಏನೋ ಬರೆದು, ಅವರ ಭುಜ ತಟ್ಟಿ ಕೊಟ್ಟರು. ನನಗೂ ಕಂಡಿತು. 'ನಿಮಗೆ ಎಷ್ಟು ದಿನದಿಂದ ಕೇಳಿಸುತ್ತಿಲ್ಲ?' ಎಂದಿತ್ತು. ಮೇಷ್ಟ್ರು ಓದಿದರು. ಅದನ್ನು ಎರಡಾಗಿ, ನಾಲ್ಕಾಗಿ ಮಡಚಿ ಜೇಬಿಗೆ ಹಾಕಿಕೊಂಡರು. ಆಮೇಲೆ ರಸ್ತೆಯನ್ನು ನೋಡುತ್ತ, "ಕ್ಲಚ್ ಮೇಲಿಂದ ಕಾಲು ತೆಗಿ, ಸವೆಯುತ್ತೆ" ಎಂದರು.

ಮೇಡಂ ಇಳಿದು ಬಗ್ಗಿ ಅಡಿ ನೋಡಿದರು. "ಸೈಲೆನ್ಸರೇ ಇಲ್ವಲ್ಲ! ನಿಮ್ಮ ಗ್ಯಾರೇಜಲ್ಲೇ ಅಲ್ವಾ ಸರ್ವಿಸು?"

"ಕಳ್ಳರು ಮೇಡಂ," ಎಂದೆ. "ಈಗೀಗ ಸೈಲೆನ್ಸರ್ ಕದಿಯೋ ತಂಡ ಒಂದು ಓಡಾಡ್ತಿದೆ."

ಎಷ್ಟು ಬೇಗ ಬಂತು ಆ ಮಾತು! ಒಂದು ಕ್ಷಣವೂ ಯೋಚಿಸಬೇಕಾಗಲಿಲ್ಲ.

"ದೂರು ಬರೆದವರು ಯಾರೋ, ಅವರಿಗೆ ಪುಣ್ಯ ಬರಲಿ," ಎಂದರು ಮೇಡಂ. "ಕಲಿಯೋ ಮಕ್ಕಳ ಪ್ರಾಣ ಉಳಿಸಿದರು. ನಾಳೆಯಿಂದ ನಿನಗೆ ಬೇರೆ ಮೇಷ್ಟ್ರು."

ಅವರು ಇದನ್ನೆಲ್ಲ ಮೇಷ್ಟ್ರ ಪಕ್ಕದಲ್ಲೇ ನಿಂತು ಹೇಳಿದರು. ದನಿ ತಗ್ಗಿಸುವ ಅಗತ್ಯ ಅವರಿಗೆ ಕಾಣಲಿಲ್ಲ.

ಜನವರಿ 18, ಮಂಗಳವಾರ

ಪುಟ್ಟಿ ನನ್ನ ಕಡೆ ಬೆನ್ನು ಹಾಕಿ ಕೂತು ಊಟ ಮಾಡಿದಳು.

ಮೇಡಂ ಹೇಳಿದ್ದು ಸರಿ, ಮಕ್ಕಳ ಪ್ರಾಣ ಉಳಿಯಿತು. ನಾನು ಮಾಡಿದ್ದು ಸಮಾಜಸೇವೆ. ಇದನ್ನು ಹೊಸ ಮೇಷ್ಟ್ರಿಗೆ ಹೇಳಿ ನಗಿಸಬೇಕೆಂದು ಹೊರಟೆ. ಕಾಲರಿನ ಚೇಳಿನವರೆಗೆ ಬಂದು ಕಥೆ ನಿಂತುಹೋಯಿತು. ಮುಂದಿನದು ನೆನಪಿತ್ತು, ಹೇಳಲಿಲ್ಲ.

ಜನವರಿ 20, ಗುರುವಾರ

ಮೇಷ್ಟ್ರು ಬಂದರು. ದೂರದಿಂದಲೇ ಗೊತ್ತಾಯಿತು, ಅವರು ಬರುತ್ತಿರುವುದು ಈಗ ಊರಿಗೆಲ್ಲ ಗೊತ್ತಾಗುತ್ತದೆ.

"ಹಳೇದು ಯಾವುದಾದ್ರೂ ಸೈಲೆನ್ಸರ್ ಇದ್ರೆ ಹಾಕಿಕೊಡಪ್ಪಾ. ನಾಳೆ ಮಗಳನ್ನ ಕರ್ಕೊಂಡು ಬರೋಕೆ ಹೋಗ್ಬೇಕು. ಓದು ನಿಲ್ಲಿಸು ಅಂತ ಹೇಳಬೇಕು. ಅದನ್ನ ಸದ್ದು ಮಾಡೋ ಗಾಡಿಯಲ್ಲಿ ಹೋಗಿ ಹೇಳೋದು ಬೇಡ."

ನಾನು ಡ್ರಮ್ಮಿನ ಹಿಂದಿನಿಂದ ಡಬ್ಬಿ ತೆಗೆದೆ. ನಿನ್ನೆಯೇ ಅದಕ್ಕೆ ಕಪ್ಪು ಬಣ್ಣ ಬಳಿದು, ಕೊಯ್ದ ಕಡೆಗೆ ಬೇರೊಂದು ಬಾಲ ಬೆಸೆದಿಟ್ಟಿದ್ದೆ. ಯಾಕೆ ಬಳಿದೆನೋ. ಗುರುತು ಸಿಗದಿರಲಿ ಎಂದೇ ಇರಬೇಕು.

ಮೇಷ್ಟ್ರು ಸ್ಟೂಲಿನ ಮೇಲೆ ಕೂತರು. "ಒಂಬತ್ತು ತಿಂಗಳಾಯ್ತು ಕಿವಿ ಹೋಗಿ. ಮೊದಲು ಒಂದು, ಆಮೇಲೆ ಇನ್ನೊಂದು. ಮುಖ ಎದುರಿಗಿದ್ರೆ ತುಟಿ ಓದ್ತೀನಿ. ಕಾರಲ್ಲಿ ನೀವೆಲ್ಲ ರಸ್ತೆ ನೋಡ್ತೀರಿ, ನಾನೇನು ಓದ್ಲಿ? ಬೈದ್ರೆ ಹೆದರಿ ಪ್ರಶ್ನೆ ಕೇಳಲ್ಲ ಅಂತ ಬೈತಿದ್ದೆ. ಬೇಜಾರು ಮಾಡ್ಕೋಬೇಡ."

"ಇಲ್ಲ ಮೇಷ್ಟ್ರೇ."

"ಐದು ದಿನ ಆ ಸದ್ದು ಮಾಡ್ಕೊಂಡು ತಿರುಗಾಡಿದೀನಂತೆ. ಕೈ ಎತ್ತಿದವರಿಗೆಲ್ಲ ನಾನೂ ಎತ್ತಿದೆ. ಅಷ್ಟು ಜನದಲ್ಲಿ ನೀನೊಬ್ಬ ನನ್ನನ್ನ ಆಡ್ಕೊಳ್ಳಲಿಲ್ಲ ಕಣೋ. ಅವತ್ತು ನೀರಿನ ವಿಷಯ ಹೇಳಿದಾಗಲೂ ಬಗ್ಗಿ ನೋಡಿದೆ."

ನಾನು ಹಲಗೆಯ ಮೇಲೆ ಮಲಗಿ ಕಾರಿನಡಿಗೆ ಜಾರಿದೆ. ಡಬ್ಬಿಯನ್ನು ಎದೆಯ ಮೇಲಿಟ್ಟುಕೊಂಡು, ಕೊಳವೆಗೆ ಕೊಳವೆ ಸೇರಿಸಿ, ಬೋಲ್ಟು ಹಾಕತೊಡಗಿದೆ. ಅಲ್ಲಿಂದ ಅವರ ಷೂಗಳು ಮಾತ್ರ ಕಾಣುತ್ತಿದ್ದವು, ಚಕ್ರದ ಪಕ್ಕ. ಅವರಿಗೂ ನನ್ನ ಕಾಲುಗಳಷ್ಟೇ ಕಾಣುತ್ತಿದ್ದವು.

ಅಲ್ಲಿಂದ ಹೇಳಿದೆ. ಪಿಸುಗುಟ್ಟಲಿಲ್ಲ, ಸ್ಪಷ್ಟವಾಗಿಯೇ ಹೇಳಿದೆ. "ಬಿಚ್ಚಿದ್ದು ನಾನೇ ಮೇಷ್ಟ್ರೇ. ದೂರು ಬರೆದದ್ದೂ ನಾನೇ. ಪುಟ್ಟಿ ಹೇಳಿದ ಮೇಲೂ ನಾನು ಹಾಕಲಿಲ್ಲ."

ಷೂಗಳು ಅಲುಗಲಿಲ್ಲ. ಸ್ವಲ್ಪ ಹೊತ್ತಿಗೆ ಮೇಷ್ಟ್ರ ಕೈ ಕೆಳಗೆ ಬಂತು, ಅದರಲ್ಲಿ ಟಾರ್ಚು. "ಕತ್ತಲೆ ಇದ್ದೀತು, ತಗೋ," ಎಂದರು.

ತಪ್ಪೊಪ್ಪಿಗೆ ಇಂದು ಸಂಪನ್ನವಾಯಿತು ಎಂದು ದಾಖಲಿಸುತ್ತೇನೆ. ಸಂಬಂಧಪಟ್ಟವರ ಸಮ್ಮುಖದಲ್ಲೇ ಹೇಳಿದ್ದೇನೆ. ಅವರಿಗೆ ಕೇಳಿಸದಿದ್ದರೆ ಅದಕ್ಕೆ ನಾನು ಹೊಣೆಯಲ್ಲ. ಎದೆಯ ಮೇಲಿನ ಭಾರ ಇಳಿದಿದೆ.

ಇಳಿದಿದೆ ಎಂದರೆ ಇಳಿದಿದೆ.

ಜನವರಿ 21, ಶುಕ್ರವಾರ

ಬೆಳಿಗ್ಗೆ ಮಾವನಿಗೆ ಮಾತ್ರೆ ಕೊಡಲು ಹೋದೆ. ತಾರಸಿ ನೋಡುತ್ತಲೇ ಹೇಳಿದರು:

"ನಿನ್ನೆ ಎರಡನೇ ಬೋಲ್ಟು ಸರಿಯಾಗಿ ಕೂತಿಲ್ಲ. ಎರಡು ಸುತ್ತು ಬಾಕಿ."

"ನೋಡ್ತೀನಿ ಮಾವ."

"ಆಮೇಲೆ ನೀನು ಗಾಡಿಯಡಿ ಮಲ್ಕೊಂಡು ಹೇಳಿದ್ದೂ ಕೇಳಿಸ್ತು."

ಹೊಡೆಯುತ್ತಾರೆ ಅಂದುಕೊಂಡೆ, ಏಳಲಾಗದಿದ್ದರೂ. ಒಂದು ಮಾತು ಬೈಯುತ್ತಾರೆ, ಊರಿಗೆ ಹೇಳುತ್ತಾರೆ, ಅಮ್ಮನನ್ನು ಕರೆಸುತ್ತಾರೆ ಅಂದುಕೊಂಡೆ. ಮಾವ ಮಾತ್ರೆ ನುಂಗಿದರು.

"ನನಗೇನೂ ಕೇಳಿಸಿಲ್ಲ, ತಿಳೀತಾ? ಅವರಿಗೂ ಕೇಳಿಸಿಲ್ಲ. ಮೂವತ್ತು ವರ್ಷದ ಗ್ಯಾರೇಜಿದು, ಇಲ್ಲಿ ಬಿಟ್ಟ ಗಾಡಿಯ ಸಾಮಾನು ಬಿಚ್ತಾರೆ ಅಂದ್ರೆ ನಾಳೆ ಒಬ್ಬನೂ ಗೇಟಿನೊಳಗೆ ಬರಲ್ಲ. ಮುಗೀತು. ಹೋಗಿ ಕೆಲಸ ನೋಡು."

ಪಾರಾದೆ. ಇದಕ್ಕಿಂತ ಸುಲಭವಾಗಿ ಪಾರಾಗುವುದು ಸಾಧ್ಯವೇ ಇಲ್ಲ. ಸಂತೋಷಪಡತಕ್ಕದ್ದು.

ಊಟದ ಹೊತ್ತಿಗೆ ಅಮ್ಮ ಕೇಳಿದಳು, "ಏನೋ ಇದು, ಎರಡು ದಿನದಿಂದ ನೋಡ್ತಿದೀನಿ. ಮಾತಾಡೋವಾಗ ನನ್ನೆದುರಿಗೇ ಬಂದು ನಿಂತು, ಬಾಯಿ ಅಗಲಿಸಿ ಅಗಲಿಸಿ, ಪಾಠ ಒಪ್ಪಿಸೋ ಹಾಗೆ ಮಾತಾಡ್ತೀಯಲ್ಲ! ನನಗೇನು ವಯಸ್ಸಾಯ್ತು ಅಂದ್ಕೊಂಡ್ಯಾ?"

ನಾನು ಯಾವತ್ತೂ ಮಾತಾಡುವುದೇ ಹೀಗೆ. ಅಮ್ಮನಿಗೆ ಏನೋ ಭ್ರಮೆ.

ಜನವರಿ 23, ಭಾನುವಾರ

ಹೋದೆ.

ಅವರ ಮನೆಯ ಬೀದಿ ಕಿರಿದು, ಮನೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಹೊತ್ತು ಹತ್ತು ಗಂಟೆ. ಬಿಸಿಲು ನೇರ ಬಾಗಿಲಿಗೆ ಬೀಳುತ್ತಿತ್ತು. ನಾನು ಬಿಸಿಲಿಗೆ ಮುಖ ಕೊಟ್ಟು ನಿಂತು, ಗಂಟೆ ಒತ್ತಿ, ಆಮೇಲೆ ಬುದ್ಧಿ ಬಂದು ಕಿಟಕಿಯ ಮುಂದೆ ಕೈ ಬೀಸಿದೆ. ಮೇಷ್ಟ್ರು ಬಾಗಿಲು ತೆರೆದರು. ಅವರ ಹಿಂದೆ ಗೋಡೆಗೊರಗಿಸಿ ಒಂದು ಪೆಟ್ಟಿಗೆ, ಹಗ್ಗದಿಂದ ಬಿಗಿದ ಪುಸ್ತಕಗಳ ಕಟ್ಟು. ಮಗಳು ಬಂದಿದ್ದಾಳೆ.

"ಬಾರೋ, ಒಳಗೆ ಬಾ."

ಬರುವುದಿಲ್ಲ ಎಂದು ತಲೆಯಾಡಿಸಿದೆ. ಅವರ ಮುಖ ನೋಡುತ್ತ, ಒಂದೊಂದೇ ಮಾತು ಬಿಡಿಸಿ ಹೇಳಿದೆ. "ಸೈಲೆನ್ಸರ್ ಕದ್ದಿದ್ದು ಕಳ್ಳರಲ್ಲ. ನಾನು ಬಿಚ್ಚಿದ್ದು. ದೂರು ಬರೆದದ್ದು ನಾನು. ತಮಾಷೆಗೆ."

ಅವರ ಕಣ್ಣು ನನ್ನ ತುಟಿಯ ಮೇಲಿತ್ತು. ಕೊನೆಯ ಮಾತಿಗೆ ಅಲ್ಲಿಂದ ಎದ್ದು ನನ್ನ ಕಣ್ಣಿಗೆ ಬಂತು.

"ಕೇಳಿಸಲಿಲ್ಲ," ಎಂದರು ಮೇಷ್ಟ್ರು. "ಜೋರಾಗಿ ಹೇಳು."

ಹೇಳಿದೆ.

"ಇನ್ನೂ ಜೋರಾಗಿ."

ಹೇಳಿದೆ. ಪಕ್ಕದ ಮನೆಯ ಬಾಗಿಲು ತೆರೆಯಿತು.

"ಕೇಳಿಸಲಿಲ್ಲ."

ನಾಲ್ಕನೆಯ ಸಲಕ್ಕೆ ಮಗಳು ಒಳಗಿನಿಂದ ಬಂದಳು. ಒದ್ದೆ ಕೈ, ಸೊಂಟಕ್ಕೆ ಸಿಕ್ಕಿಸಿದ ಟವೆಲು. ಪೂರ್ತಿ ಕೇಳಿಸಿಕೊಂಡಳು. ಅಪ್ಪನ ತೋಳು ಹಿಡಿದು, "ಸಾಕಪ್ಪಾ" ಎಂದಳು. ಅವರು ಅವಳ ಕಡೆ ನೋಡಲಿಲ್ಲ. ನೋಡದಿದ್ದರೆ ಅವಳ ಮಾತು ಅವರಿಗೆ ಇಲ್ಲ. ಆಗ ಅವಳು ನನಗೆ ಹೇಳಿದಳು, "ಅಪ್ಪನಿಗೆ ಮೊದಲನೇ ಸಲಕ್ಕೇ ಗೊತ್ತಾಗಿದೆ. ನೀನು ಹೋಗು."

ಹೋಗಬಹುದಿತ್ತು. ಎದುರು ಸಾಲಿನಲ್ಲೂ ಬಾಗಿಲುಗಳು ತೆರೆಯುತ್ತಿದ್ದವು. ಒಬ್ಬರು ಹಲ್ಲುಜ್ಜುವ ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಬಂದರು. ಮಹಡಿಯ ಮೇಲೆ ಬಟ್ಟೆ ಹರವುತ್ತಿದ್ದ ಹೆಂಗಸು ಕೈ ನಿಲ್ಲಿಸಿದಳು.

"ಕೇಳಿಸಲಿಲ್ಲ," ಎಂದರು ಮೇಷ್ಟ್ರು.

ಐದನೆಯ ಸಲ ಹೇಳಿದೆ. ಆರನೆಯ ಸಲ ಹೇಳಿದೆ. ಏಳನೆಯ ಸಲಕ್ಕೆ ನನ್ನ ಗಂಟಲಿನಿಂದ ಬಂದದ್ದು ಮಾತೋ ಕಿರುಚೋ ನನಗೆ ತಿಳಿಯದು. ಆದರೆ ಬೀದಿಯ ಎರಡು ಕೊನೆಗೂ ಮುಟ್ಟಿತು.

ಮೇಷ್ಟ್ರು ಬೀದಿಯನ್ನು ಈ ತುದಿಯಿಂದ ಆ ತುದಿಗೆ ಒಮ್ಮೆ ನೋಡಿದರು.

"ಈಗ ಕೇಳಿಸ್ತು," ಎಂದು ಬಾಗಿಲು ಹಾಕಿಕೊಂಡರು.

ತಿರುಗಿ ನಡೆದೆ. ಎರಡೂ ಬದಿಗೆ ಜನ, ಬಾಗಿಲು ಬಾಗಿಲಿನಲ್ಲೂ. ಯಾರಾದರೂ ಒಬ್ಬರು ನಗುತ್ತಾರೇನೋ ಎಂದು ಬೀದಿ ಮುಗಿಯುವವರೆಗೆ ಮುಖ ಮುಖ ನೋಡಿಕೊಂಡು ಬಂದೆ. ಒಬ್ಬರೂ ನಗಲಿಲ್ಲ.